ಒಬ್ಬನೇ ಡ್ರೈವರ್ ಓಡಿಸಿದ ಗಾಡಿ

ಹೊಸ ಕಾರು ಬುಕ್ ಆಗಿರುವ ಸುದ್ದಿ ಸೀನುಗೆ ಮೊದಲು ಸಿಕ್ಕಿದ್ದು ಹೂವಿನವಳಿಂದ. ಜಯನಗರ ನಾಲ್ಕನೇ ಟಿ ಬ್ಲಾಕಿನ ಆ ಮನೆಯ ಮುಂದೆ ಅವನು ಎಂದಿನಂತೆ ಕಾರು ಒರೆಸುತ್ತಿದ್ದ. ಗೇಟಿಗೆ ಹೂವಿನ ಕವರು ಸಿಕ್ಕಿಸುತ್ತಾ ಅವಳು, "ಏನ್ ಸೀನಣ್ಣ, ಗೇರಿಲ್ಲದ ಕಾರು ಬರ್ತೈತಂತೆ? ಮೇಡಮ್ಮೋರೇ ಓಡಿಸ್ತಾರಂತೆ? ನೀನೇನ್ ಮಾಡ್ತೀಯ ಇನ್ನ?" ಅಂದಳು. ಸೀನು ಬಟ್ಟೆ ಹಿಂಡಿಕೊಂಡು, "ಗೊತ್ತು ಬಿಡಕ್ಕ" ಅಂದ. ಅವನಿಗೆ ಗೊತ್ತಿರಲಿಲ್ಲ.

ಲೈಸೆನ್ಸಿನಲ್ಲಿ ಅವನ ಹೆಸರು ಶ್ರೀನಿವಾಸ. ಐವತ್ತೇಳು ವರ್ಷವಾದರೂ ಆ ಮನೆಯ ಹತ್ತೊಂಬತ್ತರ ಹುಡುಗಿ ಧೃತಿಗೂ ಅವನು ಬರೀ ಸೀನು. ಅಲ್ಲಿ ಡ್ರೈವರ್ ಕೆಲಸಕ್ಕೆ ಸೇರಿ ಹದಿನೇಳು ವರ್ಷವಾಗಿತ್ತು. ಸೇರಿಸಿಕೊಂಡವರು ಧೃತಿಯ ತಾತ, ದೊಡ್ಡ ಡಾಕ್ಟ್ರು. ಅವರೇ ೨೦೧೨ರಲ್ಲಿ ಈ ಬೆಳ್ಳಿ ಬಣ್ಣದ ಚಿಕ್ಕ ಕಾರು ತಂದದ್ದು. ಶೋರೂಮಿನಿಂದ ಮನೆಗೆ ಓಡಿಸಿಕೊಂಡು ಬಂದವನು ಸೀನು. ಆಮೇಲೂ ಮನೆಯವರು ಯಾರೂ ಸ್ಟಿಯರಿಂಗ್ ಮುಟ್ಟಿದ್ದಿಲ್ಲ, ಧೃತಿಗೆ ಅವನು ಡ್ರೈವಿಂಗ್ ಕಲಿಸಿದ ಎರಡು ತಿಂಗಳು ಬಿಟ್ಟರೆ. ದೊಡ್ಡ ಡಾಕ್ಟ್ರಿಗೆ ಕಿಡ್ನಿ ಕೈಕೊಟ್ಟಾಗ ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಎತ್ತಿ ಕೂರಿಸಿ, ಎತ್ತಿ ಇಳಿಸಿದವನೂ ಅವನೇ. ಒಂದು ದಿನ ವಾಪಸು ಬರುವಾಗ ಅವರು ಸೀಟಿಗೆ ಒರಗಿಕೊಂಡು, "ನಾನು ಹೋದ್ಮೇಲೆ ಈ ಕಾರು ನೀನೇ ಇಟ್ಕೊಳ್ಳೋ ಸೀನು. ಇವರ್ಯಾರಿಗೂ ಬೇಕಾಗಲ್ಲ" ಅಂದಿದ್ದರು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಸೀತಮ್ಮ ಕೂತಿದ್ದರು. ಅದಾಗಿ ಒಂದು ತಿಂಗಳಿಗೆ ಡಾಕ್ಟ್ರು ತೀರಿಕೊಂಡರು. ಸೀನು ಮೂರು ವರ್ಷ ಆ ಮಾತನ್ನು ಯಾರ ಹತ್ತಿರವೂ ಎತ್ತಲಿಲ್ಲ. ಕಾರು ಮಾರುವ ಮಾತು ಬಂದಾಗ ಸೀತಮ್ಮನವರೇ ಹೇಳುತ್ತಾರೆ ಅಂದುಕೊಂಡಿದ್ದ.

ಭಾನುವಾರ ಬೆಳಿಗ್ಗೆ ಸುಶ್ರುತ ಅವನನ್ನು ಒಳಗೆ ಕರೆದ. ಸುಶ್ರುತ ದೊಡ್ಡ ಡಾಕ್ಟ್ರ ಮಗ, ಜೆ.ಪಿ. ನಗರದಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟಿದ್ದ. ಊಟದ ಮೇಜಿನ ಒಂದು ತುದಿಯಲ್ಲಿ ಸೀತಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಸುಶ್ರುತನ ಹೆಂಡತಿ ಶಾಲಿನಿ ಫೋನು ನೋಡುತ್ತಿದ್ದಳು.

"ಸೀನು, ಹೊಸ ಗಾಡಿ ಇಪ್ಪತ್ತನೇ ತಾರೀಕು ಬರುತ್ತೆ. ಆಟೊಮ್ಯಾಟಿಕ್. ಶಾಲಿನಿನೇ ಓಡಿಸ್ತಾಳೆ. ಈ ತಿಂಗಳ ಕೊನೇವರೆಗೂ ನೀನಿರು. ಹೋಗುವಾಗ ಒಂದು ತಿಂಗಳ ಸಂಬಳ ಜಾಸ್ತಿ ಕೊಡ್ತೀನಿ. ಫೇರ್ ಅಲ್ವಾ?"

ಫೇರ್ ಅನ್ನುವುದು ಸುಶ್ರುತನ ಬಾಯಲ್ಲಿ ಸದಾ ಓಡಾಡುವ ಮಾತು. ಕ್ಲಿನಿಕ್ಕಿನಲ್ಲಿ ಕುರ್ಚಿಗೆ ಮಲಗಿಸಿ, ಬಾಯಿ ತೆರೆಸಿದ ಮೇಲೆ ರೇಟು ಹೇಳಿ, ಹೀಗೇ ಕೇಳುತ್ತಾನೆ ಎಂದು ಅಲ್ಲಿನ ನರ್ಸ್ ಒಮ್ಮೆ ಸೀನುಗೆ ಹೇಳಿ ನಕ್ಕಿದ್ದಳು. ಸೀನು "ಆಯ್ತು ಸಾರ್" ಅಂದ.

"ಇನ್ನೊಂದು. ಹಳೇ ಗಾಡೀನ ಡೀಲರ್‌ಗೆ ಕೊಟ್ರೆ ಒಂದೂವರೆ ಲಕ್ಷ ಅಂತಾನೆ, ಬೋಳಿಸ್ತಾನೆ. ನಾವೇ ನೇರವಾಗಿ ಮಾರಿದ್ರೆ ಎರಡಾದ್ರೂ ಬರುತ್ತೆ. ನಾನು ಆನ್‌ಲೈನಲ್ಲಿ ಮೂವತ್ತು ಗಾಡಿ ರೇಟು ನೋಡಿದೀನಿ. ಬಂದೋರಿಗೆ ನೀನೇ ತೋರಿಸ್ಬೇಕು. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅದು?"

ಸೀನು ಒಂದು ಹೆಜ್ಜೆ ಮುಂದೆ ಬಂದ. "ಸಾರ್, ನಾನೇ ತಗೋತೀನಿ. ನನ್ನ ಹತ್ರ ಒಂದು ಲಕ್ಷದ ಎಪ್ಪತ್ತು ಸಾವಿರ ಇದೆ." ಸೀತಮ್ಮನವರ ಕಡೆ ತಿರುಗಿ, "ದೊಡ್ಡ ಡಾಕ್ಟ್ರೂ ಒಂದ್ಸಲ ಹೇಳಿದ್ರು ಸಾರ್, ನೀನೇ ಇಟ್ಕೋ ಅಂತ. ಅಮ್ಮಾವ್ರಿಗೆ ಗೊತ್ತು" ಅಂದ.

ಸೀತಮ್ಮ ಕಾಯಿಯಿಂದ ಕಣ್ಣೆತ್ತಲಿಲ್ಲ. "ಏನೋಪ್ಪ. ಕೊನೇಲಿ ಅವರು ಏನೇನೋ ಮಾತಾಡೋರು. ನಂಗೇನೂ ನೆನಪಿಲ್ಲ."

ಮೂವತ್ತು ವರ್ಷದ ಹಿಂದೆ ಯಾವ ಮದುವೆಯಲ್ಲಿ ಯಾರು ಯಾವ ಸೀರೆ ಕೊಟ್ಟರು, ಹೋದ ವಾರ ಸೀನು ತರಕಾರಿಯವನಿಂದ ಎಷ್ಟು ಚಿಲ್ಲರೆ ವಾಪಸು ತರಬೇಕಿತ್ತು, ಎಲ್ಲ ನೆನಪಿದ್ದ ಹೆಂಗಸು. ಸುಳ್ಳು ಹೇಳಿ ಸಿಕ್ಕಿಬಿದ್ದವನ ಹಾಗೆ ಸೀನುವೇ ತಲೆ ತಗ್ಗಿಸಿದ.

ಸುಶ್ರುತ ನಕ್ಕ, ಒಳ್ಳೆಯ ನಗುವೇ. "ನೀನು ಮನೆಯವನ ಥರ ಸೀನು. ಆದ್ರೆ ಮನೆಯವನು ಅಂತ ರೇಟು ಕಡಿಮೆ ಮಾಡಿದ್ರೆ ನಂಗೂ ಬೇಜಾರು, ನಿಂಗೂ ಬೇಜಾರು. ಒಂದು ಕೆಲಸ ಮಾಡೋಣ. ಹೊರಗಿನೋರು ಎಷ್ಟು ಕೇಳ್ತಾರೋ ಕೇಳ್ಲಿ. ಆ ರೇಟು ನೀನೂ ಕೊಟ್ರೆ, ಮೊದಲು ನಿಂಗೇ. ಇದಕ್ಕಿಂತ ಫೇರ್ ಇನ್ನೇನಿದೆ?"

"ನಿಜ" ಅಂದಳು ಶಾಲಿನಿ. "ನಿಮಗೂ ಮನಸ್ಸಿಗೆ ಸಮಾಧಾನ ಇರುತ್ತೆ ಸೀನು, ಧರ್ಮಕ್ಕೆ ತಗೊಳ್ಳಲಿಲ್ಲ ಅಂತ." ಆ ಮನೆಯಲ್ಲಿ ಅವನಿಗೆ ನೀವು ಅನ್ನುತ್ತಿದ್ದವಳು ಅವಳೊಬ್ಬಳೇ.

ಕದಿರೇನಹಳ್ಳಿಯ ತನ್ನ ಎರಡು ರೂಮಿನ ಮನೆಗೆ ಹೋಗಿ ಸೀನು ಹೆಂಡತಿ ನಾರಾಯಣಮ್ಮನಿಗೆ ಎಲ್ಲ ಹೇಳಿದ. ಅವಳು ಬನಶಂಕರಿಯಲ್ಲಿ ಎರಡು ಮನೆಗೆ ಅಡುಗೆ ಮಾಡುತ್ತಿದ್ದಳು. ಕಾರಿನ ಮೇಲೆ ಅವನಿಗೆ ಯಾಕೆ ಆಸೆ ಅನ್ನುವುದು ಅವಳಿಗೆ ಗೊತ್ತಿತ್ತು. ಧೃತಿಗೆ ಕಲಿಸಿದ್ದನ್ನು ನೋಡಿ ಅದೇ ರಸ್ತೆಯ ಮೂರು ಜನ ಹೆಂಗಸರು, ಲೈಸೆನ್ಸ್ ಇದ್ದೂ ರಸ್ತೆಗಿಳಿಯಲು ಹೆದರುವವರು, "ನಮಗೂ ಕಲಿಸ್ತೀಯಾ ಸೀನು, ನಮ್ಮ ದೊಡ್ಡ ಕಾರಲ್ಲಿ ಭಯ, ಯಾವುದಾದ್ರೂ ಚಿಕ್ಕ ಗಾಡಿ ಇದ್ರೆ" ಎಂದು ಕೇಳಿದ್ದರು. ಇನ್ನೊಬ್ಬರ ಮನೆಯ ಗೇಟು ಕಾಯುವ ಬದಲು ಅದನ್ನೇ ಮಾಡೋಣ ಅನ್ನುವುದು ಅವನ ಲೆಕ್ಕಾಚಾರ. ಚೀಟಿ ಎತ್ತಿದ ದುಡ್ಡು ಅದಕ್ಕೇ ಅಂತ ಇಟ್ಟಿದ್ದ.

"ಆವಯ್ಯ ಹೇಳಿದ್ದಕ್ಕೆ ಕಾಗದ ಇದ್ಯಾ?" ಅಂದಳು ನಾರಾಯಣಮ್ಮ.

"ಇಲ್ಲ."

"ಹಂಗಾದ್ರೆ ಅದನ್ನ ಮರ್ತುಬಿಡು. ಹೊರಗಿನೋರು ಒಂದು ಎಪ್ಪತ್ತರ ಮೇಲೆ ಕೇಳ್ದೇ ಇದ್ರೆ ಸಾಕು ಅಂತ ಬೇಡ್ಕೊ."

ಮಾರನೇ ದಿನದಿಂದ ಸೀನು ಕಾರಿಗೆ ಕೈ ಹಾಕಿದ. ತನ್ನದೇ ಆಗುತ್ತದೆ ಅನ್ನುವ ನಂಬಿಕೆ ಹೇಗೋ ಬಂದುಬಿಟ್ಟಿತ್ತು. ಸೀಟುಗಳನ್ನು ತೊಳೆಸಿದ. ವೈಪರ್ ಬ್ಲೇಡು ಹೊಸದು ಹಾಕಿಸಿದ. ಎಡಗಡೆ ಬಾಗಿಲಿನ ಡೆಂಟು ತೆಗೆಸಿ ಪಾಲಿಶ್ ಹೊಡೆಸಿದ. ಮೂರು ಸಾವಿರದ ಚಿಲ್ಲರೆ ಅವನ ಜೇಬಿನಿಂದಲೇ ಹೋಯಿತು. ಧೃತಿ ಫೋಟೊ ತೆಗೆಯಲು ಆಚೆ ಬಂದವಳು, "ಸೀನು, ಸಖತ್ತಾಗಿದೆ!" ಎಂದು ಕೂಗಿದಳು. ಸುಶ್ರುತ ಬಾಲ್ಕನಿಯಿಂದ ಬಗ್ಗಿ ನೋಡಿದ. "ಇಷ್ಟು ಚೆನ್ನಾಗಿ ಕಾಣುತ್ತೆ ಅಂತ ಗೊತ್ತೇ ಇರ್ಲಿಲ್ಲ. ಎರಡು ಹದಿನೈದು ಬೇಡ ಪುಟ್ಟಿ, ಎರಡು ನಲವತ್ತು ಅಂತ ಹಾಕು." ಧೃತಿ ಹಾಕಿದಳು. ಕೆಳಗೆ, 'ಡಾಕ್ಟರ್ ಗಾಡಿ. ಒಬ್ಬರೇ ಓನರ್. ಒಬ್ಬನೇ ಡ್ರೈವರ್ ಓಡಿಸಿದ್ದು' ಎಂದು ಸೇರಿಸಿ, ಸೀನುಗೂ ತೋರಿಸಿದಳು.

ಮೊದಲು ಬಂದವರು ಬಿಟಿಎಂ ಲೇಔಟಿನ ಗಂಡ ಹೆಂಡತಿ, ರೇವಂತ್ ಮತ್ತು ಬಿಂದುಶ್ರೀ. ಅವಳಿಗೆ ಆರೇಳು ತಿಂಗಳಿರಬೇಕು. ಸ್ಕೂಟರಿನಿಂದ ಸೊಂಟ ಹಿಡಿದುಕೊಂಡು ಇಳಿದಳು. ಕಾರಿನ ಸುತ್ತ ಒಂದು ಸುತ್ತು ಬಂದು, ಮುಂದಿನ ಸೀಟಿನಲ್ಲಿ ಕೂತು, ಕಾಲು ಚಾಚಿ, "ರೇವಂತ್, ಇದೇ ಇರ್ಲಿ" ಅಂದಳು. ಸುಶ್ರುತ ಕ್ಲಿನಿಕ್ಕಿಗೆ ಹೋಗಿದ್ದ. ಒಂದು ಸುತ್ತು ಓಡಿಸಿ ನೋಡಿ ಬಂದ ಮೇಲೆ ಬಿಂದುಶ್ರೀ ಸೀನುವಿನ ಪಕ್ಕ ಬಂದು ಮೆಲ್ಲಗೆ ಕೇಳಿದಳು. "ಅಣ್ಣ, ನೀವೇ ಅಲ್ವಾ ಓಡಿಸಿದ್ದು? ನಮಗೆ ಗಾಡಿ ಬಗ್ಗೆ ಏನೂ ಗೊತ್ತಾಗಲ್ಲ. ಏನಾದ್ರೂ ತೊಂದ್ರೆ ಇದ್ರೆ ಹೇಳಿಬಿಡಿ."

ಮೂರು ವರ್ಷದ ಹಿಂದಿನ ಮಳೆಯಲ್ಲಿ ಕಾರು ಒಮ್ಮೆ ನೀರಿಗೆ ಸಿಕ್ಕಿಕೊಂಡಿತ್ತು. ಕಾಲಿಡುವ ಜಾಗದವರೆಗೆ ನೀರು ನುಗ್ಗಿ, ಕಾರ್ಪೆಟ್ ಬಿಚ್ಚಿ ಒಣಗಿಸಿದ್ದರು. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಸೀನು ನೀರು ನುಗ್ಗಿದ್ದನ್ನು ಹೇಳಿದ. ಇಂಜಿನ್ನಿಗೆ ಏನೂ ಆಗಿಲ್ಲ ಅನ್ನುವುದನ್ನು ಹೇಳಲಿಲ್ಲ.

"ನೀರು ನುಗ್ಗಿತ್ತಾ?" ಬಿಂದುಶ್ರೀಯ ಮುಖ ಇಳಿದುಹೋಯಿತು. ನೀರು ಕುಡಿದ ಗಾಡಿ ತಗೋಬೇಡಿ ಅಂತ ಇಂಟರ್ನೆಟ್ಟಿನಲ್ಲಿ ಓದಿದ್ದಳಂತೆ. "ಥ್ಯಾಂಕ್ಸ್ ಅಣ್ಣ, ನಿಮ್ಮಂಥೋರು ಹೇಳದೇ ಇದ್ರೆ ನಾವು ಮೋಸ ಹೋಗ್ತಿದ್ವಿ" ಎಂದು ಅವನಿಗೆ ಕೈ ಮುಗಿದಳು. ಮತ್ತೆ ಸ್ಕೂಟರ್ ಹತ್ತಿದರು. ತಿರುವಿನ ಹಂಪಿನಲ್ಲಿ ಅವಳು ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡದ್ದನ್ನು ಸೀನು ಗೇಟಿನ ಹತ್ತಿರ ನಿಂತು ನೋಡಿದ. ನಿಜ ತಾನೇ ಹೇಳಿದ್ದು ಎಂದು ಒಳಗೆ ಹೋಗಿ ನೀರು ಕುಡಿದ.

ಆಮೇಲೆ ಬಂದ ಇಬ್ಬರಿಗೂ ಅದನ್ನೇ ಹೇಳಿದ. ಒಬ್ಬರು ಬ್ಯಾಂಕಿನಿಂದ ರಿಟೈರ್ ಆದವರು, ಕೇಳದೇ ಇದ್ದರೂ ಹೇಳಿದ. ಮೂರು ಜನ ನೋಡಿ ಹೋದರೂ ಯಾರೂ ರೇಟು ಕೇಳಲಿಲ್ಲವಲ್ಲ ಎಂದು ಸುಶ್ರುತ ಹುಬ್ಬು ಗಂಟಿಕ್ಕಿದ. ಸೀನು ಚಕ್ರದ ಕಡೆ ನೋಡುತ್ತಾ, "ಹಳೇ ಗಾಡಿ ಅಲ್ವಾ ಸಾರ್" ಅಂದ. ಆ ಸಂಜೆ ನಾರಾಯಣಮ್ಮನಿಗೆ, "ಒಂದು ಎಪ್ಪತ್ತಕ್ಕೇ ನಿಲ್ಲುತ್ತೆ ನೋಡ್ತಿರು" ಎಂದ. ಅವಳು ಯಾಕೆ ಹೇಗೆ ಎಂದು ಕೇಳಲಿಲ್ಲ.

ಮುಂದಿನ ಭಾನುವಾರ ಬಂದವನು ಬೇಗೂರಿನ ಮನು. ಇಪ್ಪತ್ತೈದರ ಹುಡುಗ, ಕತ್ತಿನಲ್ಲಿ ದಪ್ಪ ಚಿನ್ನದ ಸರ, ದೊಡ್ಡ ಬೈಕು. ಅವರಪ್ಪನಿಗೆ ಮೂರು ಪಿಜಿ ಹಾಸ್ಟೆಲ್ ಬಿಲ್ಡಿಂಗು ಇವೆ ಅಂತ ಬಂದ ಐದು ನಿಮಿಷಕ್ಕೇ ಹೇಳಿದ. ಬಾನೆಟ್ ಎತ್ತಿ, ಆಯಿಲ್ ಕಡ್ಡಿ ಎಳೆದು ಬೆರಳಿಗೆ ಹಚ್ಚಿ ಮೂಸಿ, ಬಾಗಿಲ ರಬ್ಬರ್ ಎಬ್ಬಿಸಿ ನೋಡಿದ. ಸೀನು ನೀರಿನ ಕತೆ ಹೇಳಿದ.

"ಬೆಂಗಳೂರಲ್ಲಿ ನೀರು ನುಗ್ಗದೇ ಇರೋ ಗಾಡಿ ಎಲ್ಲೈತೆ ಗುರು" ಎಂದು ಮನು ನಕ್ಕುಬಿಟ್ಟ.

ಮನು ಓಡಿಸಿ ನೋಡಲು ಸೀಟಿಗೆ ಕೂತ. ಪಕ್ಕದಲ್ಲಿ ಸೀನು. ಬೀದಿ ತುದಿ ಬರುವಷ್ಟರಲ್ಲಿ ಸೀನುವಿನ ಬಾಯಿಂದ ಮಾತು ಜಾರಿತು. "ಹುಷಾರು ತಮ್ಮಾ. ಬ್ರೇಕು ಒಂದೊಂದ್ಸಲ ಕೈಕೊಡುತ್ತೆ. ಸಾರ್ ಹೇಳ್ಬೇಡ ಅಂದಿದಾರೆ."

ಅದು ಶುದ್ಧ ಸುಳ್ಳು. ಹೋದ ತಿಂಗಳಷ್ಟೇ ಅವನೇ ನಿಂತು ಬ್ರೇಕ್ ಪ್ಯಾಡ್ ಬದಲಾಯಿಸಿದ್ದ. ಮನು ಅವನ ಕಡೆ ಒಂದು ಸಲ ನೋಡಿದ. ಖಾಲಿ ರಸ್ತೆಗೆ ತಿರುಗಿಸಿ, ಅರವತ್ತಕ್ಕೆ ಏರಿಸಿ, ಒಮ್ಮೆಲೇ ಬ್ರೇಕು ತುಳಿದ. ಕಾರು ಗೀಟು ಎಳೆದ ಹಾಗೆ ನಿಂತಿತು. ಸೀನುವಿನ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಮನು ಇನ್ನೊಂದು ಸಲ ಹಾಗೇ ಮಾಡಿದ. ಮೂರನೇ ಸಲ ಬೇಕಂತಲೇ ಮಾಡಿದ.

ಮನೆಗೆ ಬಂದು, ಸುಶ್ರುತ, ಶಾಲಿನಿ, ಧೃತಿ, ಸೀತಮ್ಮ ನಾಲ್ವರೂ ಕೂತಿದ್ದ ಹಾಲಿನಲ್ಲಿ ಸೋಫಾಕ್ಕೆ ಒರಗಿ ಮನು ಹೇಳಿದ. "ಡಾಕ್ಟ್ರೇ, ನಿಮ್ ಡ್ರೈವರ್ ಬ್ರೇಕು ಕೈಕೊಡುತ್ತೆ ಅಂದ್ರು. ನಾನ್ ನೋಡ್ದೆ, ಹೊಸ ಗಾಡಿ ಥರ ಹಿಡಿಯುತ್ತೆ. ಏನ್ ಸಮಾಚಾರ?"

ಬಾಗಿಲ ಹತ್ತಿರ ನಿಂತಿದ್ದ ಸೀನು ನೆಲ ನೋಡಿದ. ಬಂದವರೆಲ್ಲ ಯಾಕೆ ವಾಪಸು ಹೋದರು ಅನ್ನುವುದು ಸುಶ್ರುತನಿಗೆ ಹೊಳೆಯುತ್ತಿರುವುದು ಅವನ ಮುಖದಲ್ಲಿ ಕಾಣುತ್ತಿತ್ತು. ಕೂಗಾಡುತ್ತಾನೆ ಅಂದುಕೊಂಡ ಸೀನು. ಸುಶ್ರುತ ಕೂಗಾಡಲಿಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡ.

"ಸಮಾಚಾರ ಸಿಂಪಲ್ ಮನು. ನಮ್ಮ ಸೀನುಗೇ ಈ ಗಾಡಿ ಬೇಕು. ಒಂದು ಎಪ್ಪತ್ತು ಕೊಡ್ತೀನಿ ಅಂತ ಕಾದಿದಾನೆ. ಹದಿಮೂರು ವರ್ಷ ಓಡಿಸಿದೋನು. ಗಾಡಿಯಲ್ಲಿ ಒಂದು ಸ್ಕ್ರೂ ಸಡಿಲ ಇದ್ರೂ ಅವನಿಗೆ ಗೊತ್ತು. ಅಂಥೋನು ಸುಳ್ಳು ಹೇಳಿಯಾದ್ರೂ ಸರಿ ತಗೋಬೇಕು ಅಂತಿದಾನೆ ಅಂದ್ರೆ, ಗಾಡಿ ಹೆಂಗಿರ್ಬೇಕು ನೀವೇ ಲೆಕ್ಕ ಹಾಕಿ."

ಮನು ಸೀನುವನ್ನು ಮೇಲಿಂದ ಕೆಳಗೆ ನೋಡಿ ಜೋರಾಗಿ ನಕ್ಕ. "ಸರಿ ಬಿಡಿ, ಇದಕ್ಕಿಂತ ಗ್ಯಾರಂಟಿ ಬೇಕಾ. ಒಂದು ಎಂಬತ್ತು."

"ಸೀನು?" ಅಂದ ಸುಶ್ರುತ. "ಮಾತು ಮಾತೇ. ಹೊರಗಿನೋರ ರೇಟು ನೀನು ಕೊಟ್ರೆ ನಿಂಗೇ."

"ಎಂಬತ್ತು ಕೊಡ್ತೀನಿ ಸಾರ್" ಅಂದ ಸೀನು.

"ತೊಂಬತ್ತು" ಅಂದ ಮನು.

"ತೊಂಬತ್ತು ಸಾರ್."

"ಎರಡು."

ಧೃತಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. "ಅಪ್ಪಾ, ಕ್ರಿಕೆಟ್ ಪ್ಲೇಯರ್ಸ್ ಹರಾಜಾಗುತ್ತಲ್ಲ, ಹಂಗಿದೆ!" ಶಾಲಿನಿ ಅವಳ ಮೊಣಕಾಲಿಗೆ ಮೆತ್ತಗೆ ತಟ್ಟಿದಳು. ಆದರೆ ಅವಳ ತುಟಿಯಲ್ಲೂ ನಗುವಿತ್ತು. ಸೀತಮ್ಮ ಕನ್ನಡಕ ಸರಿಮಾಡಿಕೊಂಡು ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಿದ್ದರು.

ಸೀನು, "ಒಂದ್ ನಿಮಿಷ ಸಾರ್" ಎಂದು ಗೇಟಿನ ಹೊರಗೆ ಹೋಗಿ ಹೆಂಡತಿಗೆ ಫೋನು ಮಾಡಿದ. ಅವಳು ಯಾರದೋ ಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಳು, ಸದ್ದು ಕೇಳುತ್ತಿತ್ತು.

"ಎರಡು ಹದಿನೈದಾದ್ರೂ ಬೇಕಾಗುತ್ತೆ ನಾರಾಯಣಿ."

ಆ ಕಡೆ ಒಗ್ಗರಣೆ ಸದ್ದು ನಿಂತಿತು. "ಬಳೆ ಮಾರಿದ್ರೆ ನಲವತ್ತೈದು ಬರ್ಬೋದು" ಅಂದಳು. ಆಮೇಲೆ, "ಅಷ್ಟು ಬೇಕಾ ನಿಂಗೆ ಅದು?" ಎಂದು ಕೇಳಿದಳು.

"ಬೇಕು."

"ಹಂಗಾದ್ರೆ ತಗೋ" ಎಂದು ಫೋನಿಟ್ಟಳು.

ಅವನು ಒಳಗೆ ಬರುವಷ್ಟರಲ್ಲಿ ಮನುಗೆ ಕಾಫಿ ಬಂದಿತ್ತು. "ಎರಡು ಕೊಡ್ತೀನಿ ಸಾರ್" ಅಂದ ಸೀನು. ಮನು ಕಾಫಿ ಹೀರಿ, "ಎರಡು ಹದಿನೈದು. ಕ್ಯಾಶು ಬೈಕಲ್ಲೇ ಇದೆ" ಅಂದ. ಸೀನು ಕಾಯಲಿಲ್ಲ. "ನಾನೂ ಅಷ್ಟೇ ಕೊಡ್ತೀನಿ ಸಾರ್. ಎರಡು ದಿನ ಟೈಮ್ ಕೊಡಿ."

ಮನು ಲೋಟ ಕೆಳಗಿಟ್ಟು ಕೈ ಎತ್ತಿಬಿಟ್ಟ. "ಇಷ್ಟೇ ಡಾಕ್ಟ್ರೇ ನಂದು. ಇನ್ನು ನಿಮ್ಮಿಷ್ಟ."

ಗೆದ್ದೆ ಅನ್ನುವುದು ಸೀನುಗೆ ಮೆಲ್ಲಗೆ ತಲೆಗೆ ಹತ್ತಿತು. ಕೊಟ್ಟ ಮಾತಿನ ಪ್ರಕಾರ ಕಾರು ಅವನದೇ. ಅವನು ಸುಶ್ರುತನ ಮುಖ ನೋಡಿದ.

ಸುಶ್ರುತ ಹೆಂಡತಿಯ ಕಡೆ ತಿರುಗಿದ. "ಏನಂತೀಯ?"

ಶಾಲಿನಿ ಬೇಜಾರಿನಿಂದ ಅನ್ನುವ ಹಾಗೆ ನಿಟ್ಟುಸಿರು ಬಿಟ್ಟಳು. "ಸೀನು, ತಪ್ಪು ತಿಳ್ಕೋಬೇಡಿ. ಅದು ಸರಿಯಾಗಿ ನಡ್ಕೊಂಡೋರಿಗೆ ಕೊಟ್ಟ ಮಾತು. ನೀವು ಬಂದೋರಿಗೆಲ್ಲ ಸುಳ್ಳು ಹೇಳಿ ಓಡಿಸಿ, ಈಗ ಅದೇ ಮಾತು ಹಿಡ್ಕೊಂಡ್ರೆ ಮನುಗೆ ಅನ್ಯಾಯ ಆಗಲ್ವಾ? ಅವ್ರು ದುಡ್ಡು ತಗೊಂಡೇ ಬಂದಿದಾರೆ."

"ಸುಳ್ಳು ಒಂದೇ ಸಲ ಮೇಡಂ. ಉಳಿದೋರಿಗೆ ಹೇಳಿದ್ದು ನಿಜಾನೇ..."

"ನೋಡಿ, ಒಪ್ಕೊಂಡ್ರಿ" ಅಂದಳು ಶಾಲಿನಿ.

ಸೀನು ಸೀತಮ್ಮನವರ ಕಡೆ ನೋಡಿದ. ಅವರು ಸೆರಗಿನಿಂದ ಕನ್ನಡಕ ಒರೆಸುತ್ತಿದ್ದರು.

ಮನು ಬೈಕಿನ ಬಾಕ್ಸಿನಿಂದ ಕವರು ತಂದ. ಸುಶ್ರುತ ಎಣಿಸಿ, ಪೇಪರಿಗೆ ಸೈನು ಹಾಕಿ, ಸರ್ವೀಸಿನ ಬಿಲ್ಲುಗಳ ಫೈಲು ಕೊಟ್ಟ. ಆ ಫೈಲು ಹದಿಮೂರು ವರ್ಷ ಜೋಡಿಸಿಟ್ಟವನು ಸೀನು. ಎಲ್ಲ ಮುಗಿದ ಮೇಲೆ ಸುಶ್ರುತ ಬಾಗಿಲ ತನಕ ಬಂದು ಸೀನುವಿನ ಅಂಗಿ ಜೇಬಿಗೆ ಹತ್ತು ಐನೂರರ ನೋಟು ಇಟ್ಟ. "ಮೂವತ್ತೈದು ಸಾವಿರ ನಿನ್ನಿಂದಲೇ ಮೇಲೆ ಹೋಯ್ತು ಸೀನು, ಸುಳ್ಳು ಹೇಳಲ್ಲ. ಇದು ನಿನ್ನ ಪಾಲು. ಇನ್ನೇನು ಕಾರಿಲ್ಲ, ನಾಳೆಯಿಂದ ನೀನು ಬರೋದೂ ಬೇಡ. ತಿಂಗಳ ಸಂಬಳ, ಮೇಲಿಂದು, ಎಲ್ಲ ಅಕೌಂಟಿಗೆ ಹಾಕ್ತೀನಿ. ಒಂದೇ ಒಂದು ಕೆಲಸ. ಮನು ಬೈಕಲ್ಲಿ ಬಂದಿದಾನೆ. ಗಾಡೀನ ಬೇಗೂರಿಗೆ ಬಿಟ್ಟುಬಂದುಬಿಡು."

ಆ ನೋಟುಗಳನ್ನು ತೆಗೆದು ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು ಸೀನುಗೆ. ಕೈ ಜೇಬಿನವರೆಗೂ ಹೋಯಿತು. ಬರುವ ತಿಂಗಳ ಬಾಡಿಗೆ ನೆನಪಾಗಿ ಕೈ ಅಲ್ಲೇ ನಿಂತಿತು. ಕೀ ಇಸ್ಕೊಂಡ.

ಗೇಟು ದಾಟಿಸುವಾಗ ಸೀತಮ್ಮ ಕಿಟಕಿಯಿಂದ ಕೂಗಿದರು. "ಸೀನು, ಶುಕ್ರವಾರ ಬನಶಂಕರಿ ಗುಡೀಲಿ ನಿಂಬೆಹಣ್ಣಿನ ದೀಪ ಹಚ್ಬೇಕು ಕಣೋ. ಆಟೋನಾದ್ರೂ ತಗೊಂಡ್ ಬಾ, ಶಾಲಿನಿಗೆ ಆಗಲ್ವಂತೆ."

ಸೀನು ಕೇಳಿಸದವನ ಹಾಗೆ ಕಾರು ಓಡಿಸಿಕೊಂಡು ಹೋದ. ಕನ್ನಡಿಯಲ್ಲಿ ಅವರ ಕೈ ಇನ್ನೂ ಕಿಟಕಿಯ ಹೊರಗೆ ಆಡುತ್ತಿತ್ತು. ಒಬ್ಬರೇ ಹೋಗಲಿ, ಆ ಮಂಡಿ ನೋವಿನಲ್ಲಿ ಆಟೋ ಹತ್ತಿ ಇಳಿಯಲಿ ಎಂದುಕೊಂಡ. ಅವರು ಮೆಟ್ಟಿಲ ಹತ್ತಿರ ಜಾರಿ ಬೀಳುವುದನ್ನೂ ಒಮ್ಮೆ ಊಹಿಸಿಕೊಂಡ. ಊಹಿಸಿಕೊಂಡಾಗ ಹಿತವಾಯಿತು.

ಬೇಗೂರಿನಲ್ಲಿ ಮನುವಿನ ಅಪ್ಪ ತಿಮ್ಮರಾಯಪ್ಪ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಐದು ಮಹಡಿಯ ಪಿಜಿ. ಅದರ ಕೆಳಗೆ ತಗಡಿನ ಅಡುಗೆ ಶೆಡ್ಡು. ಬಿಟಿಎಂನಲ್ಲಿರುವ ಇನ್ನೆರಡು ಪಿಜಿಗಳಿಗೂ ಅನ್ನ ಸಾರು ಅಲ್ಲಿಂದಲೇ ಹೋಗಬೇಕು. ಕಾರು ನಿಂತಿದ್ದೇ ತಡ, ಶೆಡ್ಡಿನಿಂದ ಇಬ್ಬರು ಸ್ಪ್ಯಾನರ್ ಹಿಡಿದು ಬಂದರು. ಸೀನು ಇಳಿಯುವ ಮುಂಚೆಯೇ ಹಿಂದಿನ ಸೀಟು ಬಿಚ್ಚಲು ಶುರು ಮಾಡಿದರು. ಹತ್ತು ನಿಮಿಷದಲ್ಲಿ ಸೀಟು ಮಣ್ಣಿನ ಮೇಲೆ ಬಿದ್ದಿತ್ತು. ಆ ಜಾಗಕ್ಕೆ ಎರಡು ದೊಡ್ಡ ಸ್ಟೀಲ್ ಡ್ರಮ್ಮು ಕೂರುತ್ತವೆಯೇ ಎಂದು ಇಟ್ಟು ನೋಡಿದರು.

"ಎಷ್ಟಕ್ಕೆ ಮುಗೀತು?" ಎಂದು ತಿಮ್ಮರಾಯಪ್ಪ ಮಗನನ್ನು ಕೇಳಿದ.

"ಎರಡು ಹದಿನೈದು."

"ಎರಡೂವರೆಗಂಟ ಹೋಗು ಅಂದಿದ್ನಲ್ಲ. ಪರ್ವಾಗಿಲ್ಲ, ಉಳಿಸ್ದೆ." ಅಷ್ಟರಲ್ಲಿ ಮನು ಅಪ್ಪನಿಗೆ ಹರಾಜಿನ ಕತೆ, ಬ್ರೇಕಿನ ಕತೆ ಎಲ್ಲ ಹೇಳಿದ. ಸೀನುವಿನ ದನಿಯನ್ನೂ ಮಾಡಿ ತೋರಿಸಿದ. ತಿಮ್ಮರಾಯಪ್ಪ ಹೊಟ್ಟೆ ಕುಣಿಸಿ ನಕ್ಕು, ಕಣ್ಣೊರೆಸಿಕೊಂಡು, ಸೀನುವನ್ನು ಹತ್ತಿರ ಕರೆದ.

"ಏನಯ್ಯ, ಅಲ್ಲಿ ಕೆಲ್ಸ ಹೋಯ್ತಾ?"

"ಹೋಯ್ತು."

"ಎಷ್ಟು ಕೊಡೋರು?"

"ಹತ್ತೊಂಬತ್ತು."

"ನಾನು ಹದಿಮೂರು ಕೊಡ್ತೀನಿ. ಬೆಳಿಗ್ಗೆ ಐದಕ್ಕೆ ಬರ್ಬೇಕು. ದಿನಕ್ಕೆ ಮೂರು ಟ್ರಿಪ್ಪು, ಡ್ರಮ್ಮು ಹತ್ತಿಸೋದು ಇಳಿಸೋದು ನೀನೇ. ಗಾಡಿ ಹೆಂಗೂ ನಿಂಗೆ ಅಭ್ಯಾಸ ಐತೆ."

"ಅಪ್ಪಾ, ಸುಳ್ಳ ಅವನು" ಅಂದ ಮನು.

"ಸರಿಯಾಗಿ ಸುಳ್ಳು ಹೇಳಕ್ಕೂ ಬರ್ದೇ ಇರೋನು ಕಣೋ. ಅಂಥೋನು ಸಾರು ಕದ್ದು ಮಾರ್ಕೊಳಲ್ಲ" ಎಂದು ತಿಮ್ಮರಾಯಪ್ಪ ಇನ್ನೊಮ್ಮೆ ನಕ್ಕ.

ಸೀನು ಯೋಚನೆ ಮಾಡಿ ಹೇಳ್ತೀನಿ ಎಂದು ಬಸ್ಸು ಹತ್ತಿದ. ಮನೆಯಲ್ಲಿ ನಾರಾಯಣಮ್ಮ ಬಳೆಗಳನ್ನು ಕೈಯಿಂದ ತೆಗೆದು, ಕಾಗದದಲ್ಲಿ ಸುತ್ತಿ, ದೇವರ ಮುಂದೆ ಇಟ್ಟಿದ್ದಳು. ಅವನು ಆದದ್ದೆಲ್ಲ ಹೇಳಿದ. ಅವಳು ಪೂರ್ತಿ ಕೇಳಿ, ಬಳೆ ಮತ್ತೆ ಹಾಕಿಕೊಳ್ಳಲು ನೋಡಿದಳು. ಸೋಪು ಹಚ್ಚಿ ತೆಗೆದಿದ್ದರಿಂದ ಕೈ ಊದಿಕೊಂಡಿತ್ತು, ಹೋಗಲಿಲ್ಲ.

"ಆ ಬಸುರಿ ಹೆಂಗಸಿಗಾದ್ರೂ ಕೊಡೋಕೆ ಬಿಡ್ಬೇಕಿತ್ತು ನೀನು" ಅಂದಳು. ಸೀನು ಆ ಮಾತಿಗೆ ರೇಗಿದ, ತಟ್ಟೆ ನೂಕಿದ. ಅವಳು ತಟ್ಟೆ ಎತ್ತಿಟ್ಟು, "ಬೇಗೂರಿಗೆ ಎಷ್ಟೊತ್ತಿಗೆ ಹೋಗ್ಬೇಕು?" ಎಂದು ಕೇಳಿದಳು.

ಎರಡು ದಿನ ಅವನು ಹೋಗಲಿಲ್ಲ. ಡ್ರೈವಿಂಗ್ ಕಲಿಸುತ್ತೀಯಾ ಅಂದಿದ್ದ ಮೂವರಿಗೂ ಫೋನು ಮಾಡಿದ. ಅವರಲ್ಲಿ ಒಬ್ಬರು, "ಶಾಲಿನಿ ಎಲ್ಲ ಹೇಳಿದ್ರು ಸೀನು. ನಿನ್ನ ಮೇಲೆ ನಂಬಿಕೆ ಇತ್ತು" ಅಂದರು. ಇನ್ನಿಬ್ಬರು ಎತ್ತಲಿಲ್ಲ. ಮೂರನೇ ದಿನ ಬೆಳಿಗ್ಗೆ ಐದಕ್ಕೆ ಸೀನು ಬೇಗೂರಿನ ಶೆಡ್ಡಿನ ಮುಂದೆ ನಿಂತಿದ್ದ. ತಿಮ್ಮರಾಯಪ್ಪ ಹಲ್ಲುಜ್ಜುತ್ತಲೇ ಕೀ ಎಸೆದ. "ಬಂದ್ಯಾ? ಎರಡು ದಿನ ಯೋಚ್ನೆ ಮಾಡ್ದೆ ಅಂತ ಹನ್ನೆರಡೂವರೆ" ಅಂದ.

ತಿಂಗಳ ಕೊನೆಗೆ ಅದರಲ್ಲೂ ನಾನೂರು ಮುರಿದುಕೊಂಡ, ತಿರುವಿನಲ್ಲಿ ಚೆಲ್ಲಿದ ಸಾರಿನ ಬಾಬತ್ತು. ಸೀನು ದುಡ್ಡು ಜೇಬಿಗಿಟ್ಟುಕೊಂಡು, ಖಾಲಿ ಡ್ರಮ್ಮುಗಳನ್ನು ನಲ್ಲಿ ಕೆಳಗೆ ಎಳೆದುಕೊಂಡು ಹೋಗಿ ತೊಳೆಯಲು ಕೂತ.